ಶಾರ್ಕ್ ಇದೆ, ಎಚ್ಚರಿಕೆ! - ರೆಸೀಫೆಯ ಸಿನಿಮಾ ಬೀದಿಗಳಲ್ಲಿ

'ಬೋವಾ ವಿಯಾಜೆಂ' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ 'ಶುಭ ಪ್ರಯಾಣ'. ಬ್ರೆಜಿಲ್ ದೇಶದ ಈಶಾನ್ಯ ಮೂಲೆಯ ರೆಸೀಫೆ ನಗರದಲ್ಲಿ ಇಷ್ಟು ಮುದ್ದಾದ ಹೆಸರಿನ ಕಡಲತೀರವೊಂದಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗಿಳಿದರೆ ಮೊದಲು ಕಣ್ಣಿಗೆ ಬೀಳುವುದು ಶಾರ್ಕಿನ ಚಿತ್ರವಿರುವ ಎಚ್ಚರಿಕೆಯ ಫಲಕ. ಆಳಕ್ಕೆ ಹೋಗಬೇಡಿ, ಅಪಾಯವಿದೆ! ಶುಭ ಪ್ರಯಾಣ ಅಂದರೆ ಇದೇ ಇರಬೇಕು ಎಂದು ನಮ್ಮವರು ನಕ್ಕರು. 1992ರಿಂದ ಈಚೆಗೆ ಇಲ್ಲಿ ಶಾರ್ಕ್ ದಾಳಿಗಳು ಹೆಚ್ಚಿದವಂತೆ. ದಕ್ಷಿಣದಲ್ಲಿ ಸುವಾಪೆ ಬಂದರು ಕಟ್ಟುವಾಗ ನದೀಮುಖದ ಮ್ಯಾಂಗ್ರೋವ್ ಕಾಡು ಹಾಳಾಯಿತು, ನೆಲೆ ತಪ್ಪಿದ ಶಾರ್ಕ್‌ಗಳು ಈ ಕಡೆಗೆ ತಿರುಗಿದವು ಎನ್ನುವುದು ಅನೇಕ ವಿಜ್ಞಾನಿಗಳ ವಿವರಣೆ. ಇಳಿತದ ಹೊತ್ತಿನಲ್ಲಿ ಬಂಡೆಸಾಲಿನ ಒಳಗಿನ ಮೊಣಕಾಲುದ್ದದ ನೀರಿನಲ್ಲಿ ಮಕ್ಕಳು ಆಡುತ್ತಾರೆ. ಬೆನ್ನ ಹಿಂದೆ ಮೂವತ್ತು ನಲವತ್ತು ಅಂತಸ್ತಿನ ಕಟ್ಟಡಗಳು ಸಾಲಾಗಿ ನಿಂತಿವೆ. ಮಧ್ಯಾಹ್ನದ ನಂತರ ಅವುಗಳ ನೆರಳು ಮರಳಿನ ಮೇಲೆಲ್ಲ ಬಿದ್ದು, ಬಿಸಿಲಿಗೆಂದು ಬಂದವರು ಬಿಸಿಲು ಹುಡುಕಿಕೊಂಡು ಜರುಗಬೇಕು.

ಹೋದ ವರ್ಷ, 2025ರ ನವೆಂಬರಿನಲ್ಲಿ, ನಮ್ಮವರಿಗೆ ಇಲ್ಲಿನ ಪೋರ್ಟೊ ಡಿಜಿಟಲ್ ಎಂಬ ಸಾಫ್ಟ್‌ವೇರ್ ಕೇಂದ್ರದಲ್ಲಿ ಹತ್ತು ದಿನದ ಕೆಲಸ ಬಿತ್ತು. ನಾನೂ ಜೊತೆಗೆ ಹೊರಟೆ. ನ್ಯೂಜೆರ್ಸಿಯ ಗೆಳತಿಯರೆಲ್ಲ "ರಿಯೋಗೆ ಹೋಗೋದು ಬಿಟ್ಟು ಅದ್ಯಾವುದೋ ಊರಿಗೆ ಯಾಕ್ರೀ ಹೋಗ್ತೀರಾ?" ಎಂದರು. ಕಾರಣ ಸಿನಿಮಾ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಫಿಲ್ಮ್ ಸೊಸೈಟಿಯ ಸದಸ್ಯತ್ವ ಪಡೆದು, ಅರ್ಥವಾದರೂ ಆಗದಿದ್ದರೂ ಹೊರದೇಶದ ಕಪ್ಪು-ಬಿಳುಪು ಚಿತ್ರಗಳನ್ನು ನೋಡುವ ಹುಚ್ಚು ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬಳು. ಆ ಹುಚ್ಚು ಈಗ ಮನೆಯ ಟಿವಿಯಲ್ಲಿ ಮುಂದುವರಿದಿದೆ. ಈಚಿನ ವರ್ಷಗಳಲ್ಲಿ ಬ್ರೆಜಿಲ್‌ನಲ್ಲಿ ಗಲಾಟೆ ಎಬ್ಬಿಸಿದ ಚಿತ್ರಗಳ ವಿಳಾಸ ಹುಡುಕಿದರೆ ಮತ್ತೆ ಮತ್ತೆ ಸಿಗುವುದು ಇದೇ ರೆಸೀಫೆ. ಅಂದಹಾಗೆ, ಆ ಊರಿನವರ ಬಾಯಲ್ಲಿ ಅದು 'ಹೆಸೀಫಿ'. ನಾನು 'ರೆಸೀಫೆ' ಎಂದರೆ ಟ್ಯಾಕ್ಸಿಯವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಹೋಟೆಲಿನವರು ಒಬ್ಬ ಗೈಡನ್ನು ಗೊತ್ತು ಮಾಡಿಕೊಟ್ಟರು. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ವಯಸ್ಸು ಎಪ್ಪತ್ತರ ಮೇಲೆ, ಒಳ್ಳೆಯ ಇಂಗ್ಲಿಷ್. ನಾನು ಚರ್ಚುಗಳ ಪಟ್ಟಿಯ ಬದಲು ಸಿನಿಮಾಗಳ ಪಟ್ಟಿ ಕೊಟ್ಟಾಗ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

ಮೊದಲ ದಿನ ಕರೆದೊಯ್ದದ್ದು ಕಾಪಿಬರೀಬಿ ನದಿಯ ದಡದ ಔರೋರಾ ಬೀದಿಗೆ. ಅಲ್ಲಿ ಸಾವ್ ಲೂಯಿಜ್ ಚಿತ್ರಮಂದಿರವಿದೆ, 1952ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಆ ಜಾಗದಲ್ಲಿ ಇಂಗ್ಲಿಷರ ಚರ್ಚ್ ಇತ್ತಂತೆ. "ಆಗ ಚರ್ಚ್ ಕೆಡವಿ ಸಿನಿಮಾ ಕಟ್ಟಿದರು, ಈಗ ದೇಶದ ತುಂಬಾ ಸಿನಿಮಾ ಮಂದಿರಗಳೇ ಚರ್ಚ್ ಆಗುತ್ತಿವೆ" ಎಂದರು ಮೇಷ್ಟ್ರು. ಒಳಗೆ ಪರದೆಯ ಎರಡೂ ಬದಿ ಬಣ್ಣದ ಗಾಜಿನ ಎತ್ತರದ ಕುಸುರಿ, ಅದರ ಹಿಂದೆ ದೀಪ. ನಮ್ಮ ಬೆಂಗಳೂರಿನ ಮೆಜೆಸ್ಟಿಕ್ಕಿನ ಹಳೆಯ ಟಾಕೀಸುಗಳನ್ನು ಕಂಡವರಿಗೆ ಎದೆ ಝಲ್ ಎನ್ನುತ್ತದೆ. ಸುತ್ತಲಿನ ಹಳೆಯ ಮಂದಿರಗಳೆಲ್ಲ ಒಂದೊಂದಾಗಿ ಮುಚ್ಚಿದವು. ಸಾವ್ ಲೂಯಿಜ್ ಕೂಡ ಮಳೆಗೆ ಛಾವಣಿ ಸೋರಿ 2022ರಲ್ಲಿ ಬಾಗಿಲು ಹಾಕಿತ್ತು. ರಾಜ್ಯ ಸರ್ಕಾರ ರಿಪೇರಿ ಮಾಡಿಸಿ 2024ರ ನವೆಂಬರಿನಲ್ಲಿ ಮತ್ತೆ ತೆರೆಯಿತು. ಈ ಮುಚ್ಚಿಹೋದ ಮಂದಿರಗಳ ಮೇಲೇ ಊರಿನ ನಿರ್ದೇಶಕ ಕ್ಲೆಬರ್ ಮೆಂಡೊನ್ಸಾ ಫಿಲ್ಯು 2023ರಲ್ಲಿ 'ಭೂತಗಳ ಚಿತ್ರಗಳು' ಎಂಬರ್ಥದ ಹೆಸರಿನ ಸಾಕ್ಷ್ಯಚಿತ್ರ ಮಾಡಿದ್ದಾರೆ.

ನಮ್ಮ ಅದೃಷ್ಟ, ನಾವಿದ್ದ ವಾರ ಅವರದೇ ಹೊಸ ಚಿತ್ರ 'ದ ಸೀಕ್ರೆಟ್ ಏಜೆಂಟ್' ಓಡುತ್ತಿತ್ತು. 2025ರ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕರಿಗೂ ನಾಯಕ ವ್ಯಾಗ್ನರ್ ಮೌರಾಗೂ ಪ್ರಶಸ್ತಿ ತಂದ ಚಿತ್ರ. ಕಥೆ ನಡೆಯುವುದು 1977ರ ರೆಸೀಫೆಯಲ್ಲಿ, ಅದರ ಒಂದು ಭಾಗ ಇದೇ ಸಾವ್ ಲೂಯಿಜ್ ಮಂದಿರದೊಳಗೆ! ಪರದೆಯ ಮೇಲೆ ಕಾಣುವ ಕಟ್ಟಡದೊಳಗೇ ಕೂತು ಸಿನಿಮಾ ನೋಡುವ ಸುಖ ಬೇರೆ ಎಲ್ಲಿ ಸಿಕ್ಕೀತು? ಸಬ್‌ಟೈಟಲ್ ಇಲ್ಲದೆ ನನಗೆ ತಿಳಿದದ್ದು ಕಾಲು ಭಾಗ. ಶಾರ್ಕಿನ ಹೊಟ್ಟೆಯಲ್ಲಿ ಮನುಷ್ಯನ ಕಾಲು ಸಿಗುತ್ತದೆ. ಆಮೇಲೆ ಕೂದಲು ತುಂಬಿದ ಒಂಟಿ ಕಾಲೊಂದು ರಾತ್ರಿ ಪಾರ್ಕಿನಲ್ಲಿ ಜನರನ್ನು ಒದೆಯುತ್ತ ಓಡಾಡುತ್ತದೆ. ನಾನು ಕಕ್ಕಾಬಿಕ್ಕಿ. ಅಕ್ಕಪಕ್ಕದವರು ಹೊಟ್ಟೆ ಹಿಡಿದು ನಗುತ್ತಿದ್ದಾರೆ! ಆ 'ಕೂದಲ ಕಾಲು' ಎಪ್ಪತ್ತರ ದಶಕದಲ್ಲಿ ಊರಿನ ಪತ್ರಿಕೆಗಳಲ್ಲಿ ನಿಜಕ್ಕೂ ಸುದ್ದಿಯಾದ ಗಾಳಿಮಾತು ಎಂದು ಹೊರಗೆ ಬಂದ ಮೇಲೆ ಮೇಷ್ಟ್ರು ಹೇಳಿದರು. ಸೈನಿಕ ಸರ್ಕಾರದ ಕಾಲ. ಪೊಲೀಸರು ಯಾರನ್ನು ಹೊಡೆದರು ಎಂದು ಬರೆಯುವ ಹಾಗಿಲ್ಲ, ಕಾಲು ಒದೆಯಿತು ಎಂದು ಬರೆಯಬಹುದು. ಊರಿಗೆ ಮರಳಿ ಸಬ್‌ಟೈಟಲ್ ಜೊತೆ ಮತ್ತೆ ನೋಡಿದೆ. ಪೂರ್ತಿ ತಿಳಿಯಿತು, ಆದರೆ ಆ ನಗು ಇರಲಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. 1964ರಲ್ಲಿ ಸೈನ್ಯ ಅಧಿಕಾರ ಹಿಡಿದು 1985ರವರೆಗೆ ಬ್ರೆಜಿಲ್ ಆಳಿತು. ಅದೇ ಹೊತ್ತಿಗೆ 'ಸಿನೆಮಾ ನೋವೋ', ಅಂದರೆ ಹೊಸ ಸಿನಿಮಾ, ಎಂಬ ಅಲೆ ಎದ್ದಿತ್ತು. ಅದರ ಸಿಡಿಗುಂಡು ಬಹಿಯಾ ರಾಜ್ಯದ ಗ್ಲೌಬರ್ ರೋಶಾ. ಹಸಿವು, ಬರ, ದೇವರು, ಬಂದೂಕು ಎಲ್ಲವನ್ನೂ ಒಂದೇ ಬಿಸಿಲಲ್ಲಿ ನಿಲ್ಲಿಸಿ ಚಿತ್ರ ತೆಗೆದವರು. 1967ರಲ್ಲಿ ಅವರ 'ತೆರಾ ಎಂ ತ್ರಾನ್ಸೆ' ಚಿತ್ರವನ್ನು ಸೆನ್ಸಾರ್ ನಿಷೇಧಿಸಿತು. ಗದ್ದಲವಾದ ಮೇಲೆ ಬಿಟ್ಟರು; ಹಾಕಿದ ಷರತ್ತು ಏನು ಗೊತ್ತೇ? ಚಿತ್ರದಲ್ಲಿನ ಪಾದ್ರಿಗೆ ಒಂದು ಹೆಸರು ಕೊಡಬೇಕು! ಹೆಸರಿದ್ದರೆ ಅವನೊಬ್ಬ ಕೆಟ್ಟ ಪಾದ್ರಿ, ಇಲ್ಲದಿದ್ದರೆ ಇಡೀ ಚರ್ಚೇ ಕೆಟ್ಟದ್ದು ಎಂಬ ಲೆಕ್ಕಾಚಾರ ಇದ್ದಿರಬೇಕು. ರೋಶಾ ದೇಶ ಬಿಟ್ಟು ಅಲೆದರು, ಮರಳಿದರು, 1981ರಲ್ಲಿ ನಲವತ್ತೆರಡಕ್ಕೇ ತೀರಿಕೊಂಡರು. ದೇಶದ ಸತ್ಯ ಆಯೋಗ 2014ರ ವರದಿಯಲ್ಲಿ ಪಟ್ಟಿ ಮಾಡಿದ ಸತ್ತವರ, ಕಾಣೆಯಾದವರ ಸಂಖ್ಯೆ 434.

ನಾವು ಕನ್ನಡಿಗರು ಇದನ್ನೆಲ್ಲ ದೂರದ ಕಥೆ ಎಂದುಕೊಳ್ಳಬೇಕಿಲ್ಲ. 'ಸಂಸ್ಕಾರ' ಚಿತ್ರಕ್ಕೂ ಮೊದಲು ಸಿಕ್ಕಿದ್ದು ನಿಷೇಧ, ಆಮೇಲೆ ರಾಷ್ಟ್ರಪ್ರಶಸ್ತಿ. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದು 1977ರ ಜನವರಿಯಲ್ಲಿ. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಆ ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಎರಡು ದಿನ ಬಿಟ್ಟು ಮತ್ತೆ ಕಡಲತೀರ. ಈ ಸಲ ಹುಡುಕಿದ್ದು ಒಂದು ಕಟ್ಟಡ. ಗಗನಚುಂಬಿಗಳ ನಡುವೆ ಕುಳ್ಳಗೆ ಕೂತಿರುವ, ಐವತ್ತರ ದಶಕದ 'ಓಷಿಯಾನಿಯಾ'. ಕ್ಲೆಬರ್ ಅವರ 2016ರ ಚಿತ್ರ 'ಅಕ್ವೇರಿಯಸ್' ಚಿತ್ರೀಕರಣವಾದದ್ದು ಇಲ್ಲಿ. ಕ್ಲಾರಾ ಎಂಬ ಅರವತ್ತೈದರ ವಿಧವೆ, ನಿವೃತ್ತ ಸಂಗೀತ ವಿಮರ್ಶಕಿ, ಮನೆ ತುಂಬಾ ಗ್ರಾಮಫೋನ್ ರೆಕಾರ್ಡುಗಳು. ಉಳಿದ ಎಲ್ಲ ಫ್ಲಾಟಿನವರೂ ಬಿಲ್ಡರ್‌ಗೆ ಮಾರಿ ಹೋಗಿದ್ದಾರೆ, ಇವಳೊಬ್ಬಳು ಒಲ್ಲೆ ಎನ್ನುತ್ತಾಳೆ. ಮೇಲಿನ ಖಾಲಿ ಮನೆಗಳಲ್ಲಿ ಬಿಲ್ಡರ್ ಒಂದು ರಾತ್ರಿ ಗದ್ದಲದ ಪಾರ್ಟಿ ಮಾಡಿಸುತ್ತಾನೆ, ಇನ್ನೊಂದು ದಿನ ಪ್ರಾರ್ಥನಾ ಸಭೆ. ಮುಖದಲ್ಲಿ ಮಾತ್ರ ಸದಾ ನಗು. ಕೊನೆ ಹೇಳುವುದಿಲ್ಲ, ಗೆದ್ದಲಿಗೆ ಅದರಲ್ಲಿ ಪಾತ್ರವಿದೆ ಎಂದಷ್ಟೇ ಹೇಳುತ್ತೇನೆ. ಸೋನಿಯಾ ಬ್ರಾಗಾ ಅವರ ನಟನೆಯನ್ನು ನೋಡಿಯೇ ತಿಳಿಯಬೇಕು.

ಇದರಲ್ಲಿ ವಿವಾದ ಏನು ಬಂತು ಎನ್ನುತ್ತೀರಾ? ವಿವಾದ ಶುರುವಾದದ್ದು ಚಿತ್ರದ ಹೊರಗೆ. 2016ರ ಮೇ ತಿಂಗಳಲ್ಲಿ ಅಧ್ಯಕ್ಷೆ ಜಿಲ್ಮಾ ರೂಸೆಫ್ ಅವರನ್ನು ಮಹಾಭಿಯೋಗದ ವಿಚಾರಣೆಗಾಗಿ ಅಧಿಕಾರದಿಂದ ದೂರವಿಟ್ಟರು. ಬಂದ ಹೊಸ ಸರ್ಕಾರ ಸಂಸ್ಕೃತಿ ಸಚಿವಾಲಯವನ್ನೇ ರದ್ದು ಮಾಡಿತು. ಕಲಾವಿದರು ಕಚೇರಿಗಳಲ್ಲಿ ಬೀಡುಬಿಟ್ಟ ಮೇಲೆ ಅದೇ ತಿಂಗಳು ಮರಳಿ ತಂದಿತು. ಇದರ ನಡುವೆ ಕಾನ್‌ನ ಕೆಂಪು ಹಾಸಿನ ಮೇಲೆ 'ಅಕ್ವೇರಿಯಸ್' ತಂಡದವರು, ನಮ್ಮ ದೇಶದಲ್ಲಿ ನಡೆದಿರುವುದು ಕ್ಷಿಪ್ರಕ್ರಾಂತಿ ಎಂಬರ್ಥದ ಹಾಳೆಗಳನ್ನು ಹಿಡಿದು ನಿಂತರು. ತಗೊಳ್ಳಿ! ಅಲ್ಲಿಂದ ಅದು ಬರೀ ಸಿನಿಮಾ ಆಗಿ ಉಳಿಯಲಿಲ್ಲ. ಒಳ್ಳೆಯ ಜನ ಇದನ್ನು ಬಹಿಷ್ಕರಿಸಬೇಕು ಎಂದು ಅಂಕಣಕಾರರೊಬ್ಬರು ಬರೆದರು. ಚಿತ್ರದವರು ಆ ಮಾತನ್ನೇ ಜಾಹೀರಾತಿನಲ್ಲಿ ಹಾಕಿಕೊಂಡರು. ಹದಿನೆಂಟು ದಾಟಿದವರಿಗೆ ಮಾತ್ರ ಎಂಬ ಮುದ್ರೆ ಬಿತ್ತು, ಜಗಳವಾಡಿ ಹದಿನಾರಕ್ಕೆ ಇಳಿಸಿಕೊಂಡರು. ಆಗಸ್ಟ್ 31ರಂದು ಅಧ್ಯಕ್ಷೆಯ ಪದಚ್ಯುತಿ, ಮರುದಿನವೇ ಚಿತ್ರದ ಬಿಡುಗಡೆ. ಆಸ್ಕರ್‌ಗೆ ಬೇರೆ ಚಿತ್ರವನ್ನು ಆರಿಸಿದರು. ಆಯ್ಕೆ ಸಮಿತಿಯಲ್ಲಿ ಆ ಪ್ರತಿಭಟನೆಯನ್ನು ಬಹಿರಂಗವಾಗಿ ಟೀಕಿಸಿದ್ದ ವಿಮರ್ಶಕರೊಬ್ಬರು ಇದ್ದರೆಂದು ಮುನಿದು ಗಾಬ್ರಿಯೆಲ್ ಮಸ್ಕಾರೊ, ಅನ್ನಾ ಮುಯ್ಲಾರ್ತ್ ಎಂಬ ಇಬ್ಬರು ನಿರ್ದೇಶಕರು ತಮ್ಮ ಚಿತ್ರಗಳನ್ನು ಸ್ಪರ್ಧೆಯಿಂದ ಮೊದಲೇ ಹಿಂದಕ್ಕೆ ಪಡೆದಿದ್ದರು.

ಮೇಷ್ಟ್ರು ಈ ಚಿತ್ರದ ದೊಡ್ಡ ಅಭಿಮಾನಿ ಅಲ್ಲ. "ಆಕೆಗೆ ಐದು ಮನೆ ಇವೆ ಸೆನ್ಯೋರಾ, ಅವಳೇ ಹೇಳುತ್ತಾಳೆ. ಐದು ಮನೆ ಇದ್ದವಳ ಹೋರಾಟಕ್ಕೆ ನಾನು ಅಳಬೇಕೇ?" ಎಂದರು. ಮಾತು ನಿಜ. ಆದರೂ ನನಗೆ ಅಳು ಬಂದಿತ್ತು. ಕಾರಣ ಬೇರೆ.

ಮಲ್ಲೇಶ್ವರದ ನಮ್ಮ ತಂದೆಯ ಮನೆ ನಲವತ್ತು-ಅರವತ್ತರ ಸೈಟು. ಮುಂದೆ ಸಂಪಿಗೆ ಮರ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಆ ಬೀದಿಯಲ್ಲಿ ಉಳಿದಿರುವ ಒಂಟಿ ಮನೆಗಳು ಮೂರು. ಜಾಯಿಂಟ್ ಡೆವಲಪ್‌ಮೆಂಟ್‌ಗೆ ಬಿಲ್ಡರ್ ಬಂದಿದ್ದಾರೆ, ನಾಲ್ಕು ಫ್ಲಾಟು ನಮಗೆ, ನಾಲ್ಕು ಅವರಿಗೆ. ನಾನು ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ, ಕಾನ್ಸುಲೇಟಿನಲ್ಲಿ ಅಟೆಸ್ಟ್ ಮಾಡಿಸಿ ಕಳಿಸಬೇಕು. "ಇಲ್ಲಿದ್ದು ನೋಡಿಕೊಳ್ಳೋನು ನಾನು ಕಣಮ್ಮ. ಮಳೆ ಬಂದ್ರೆ ಸೋರೋ ಮನೆ ನಿನಗೆ ನೆನಪು, ನನಗೆ ರಿಪೇರಿ" ಎನ್ನುತ್ತಾನೆ ಅಣ್ಣ. ಅವನದು ತಪ್ಪಲ್ಲ. ಅಮ್ಮ ಮಾತ್ರ ಫೋನಿನಲ್ಲಿ ಆ ಮಾತೆತ್ತಿದರೆ ತಕ್ಷಣ, "ಅಲ್ಲಿ ಚಳಿ ಹೇಗಿದೆ?" ಎಂದು ಕೇಳುತ್ತಾರೆ. ಆ ಕಾಗದ ನ್ಯೂಜೆರ್ಸಿಯ ಮನೆಯ ಮೇಜಿನ ಖಾನೆಯಲ್ಲಿತ್ತು, ಇದನ್ನು ಬರೆಯುವಾಗಲೂ ಅಲ್ಲೇ ಇದೆ. ಓಷಿಯಾನಿಯಾ ಎದುರು ನಿಂತು ಫೋಟೋ ತೆಗೆಯುವಾಗ ಮೊದಲ ಮಹಡಿಯ ಕಿಟಕಿಯಲ್ಲಿ ಯಾರೋ ಟವೆಲ್ ಒಣಹಾಕುತ್ತಿದ್ದರು. ಯಾರದೋ ಮನೆ ಅದು. ಕ್ಯಾಮೆರಾ ಒಳಗಿಟ್ಟೆ.

ಅಲ್ಲಿಂದ ಸಂಜೆ ನಮ್ಮವರ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋದೆವು, ಇಪ್ಪತ್ತೆರಡನೇ ಅಂತಸ್ತು. ಕಟ್ಟಡದಲ್ಲಿ ಎರಡು ಲಿಫ್ಟು: ಒಂದಕ್ಕೆ 'ಸೋಸಿಯಾಲ್', ಇನ್ನೊಂದಕ್ಕೆ 'ಸರ್ವಿಸೋ' ಎಂದು ಹೆಸರು. ಎರಡನೆಯದು ಸಾಮಾನಿಗೆ, ನಾಯಿಗೆ, ಮತ್ತು ರೂಢಿಯಲ್ಲಿ ಕೆಲಸದವರಿಗೆ. ಹಳೆಯ ಫ್ಲಾಟುಗಳಲ್ಲಿ ಅಡುಗೆಮನೆಯ ಹಿಂದೆ ಕಿಷ್ಕಿಂಧೆಯಂಥ ಒಂದು ಕೋಣೆ ಇರುತ್ತದೆ, ಕೆಲಸದಾಕೆಗೆ. ಅನ್ನಾ ಮುಯ್ಲಾರ್ತ್ ಅವರ 2015ರ 'ದ ಸೆಕೆಂಡ್ ಮದರ್' ಪೂರ್ತಿ ಆ ಕೋಣೆಯ ಕಥೆ. ಸಾವ್ ಪೌಲೊದ ಮನೆಯೊಂದರಲ್ಲಿ ಪೆರ್ನಾಂಬುಕೊದ ಹೆಂಗಸು ವರ್ಷಗಟ್ಟಲೆ ದುಡಿಯುತ್ತಾಳೆ. ಮಗಳು ಬಂದು ಯಜಮಾನರ ಈಜುಕೊಳಕ್ಕೆ ಇಳಿದುಬಿಡುತ್ತಾಳೆ. ಮನೆಗೆಲಸದವರಿಗೂ ಉಳಿದ ಕಾರ್ಮಿಕರಂತೆ ಕೆಲಸದ ಗಂಟೆಯ ಮಿತಿ, ಓವರ್‌ಟೈಮ್ ಸಿಗಬೇಕೆಂದು ಬ್ರೆಜಿಲ್ ಸಂವಿಧಾನ ತಿದ್ದಿದ್ದು 2013ರಲ್ಲಿ. ಅದಕ್ಕೆ ಎಷ್ಟೋ ಮನೆಗಳಲ್ಲಿ ಸಿಟ್ಟು ಬಂದಿತ್ತಂತೆ. ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಲಿಫ್ಟಿನ ಬಾಗಿಲಿಗೆ ಆ ಸುದ್ದಿ ತಡವಾಗಿ ತಲುಪಿದೆ. ಮಲ್ಲೇಶ್ವರದ ನಮ್ಮ ಕೆಲಸದ ಲಕ್ಷ್ಮಮ್ಮನಿಗೆ ಕಾಫಿ ಕೊಡುತ್ತಿದ್ದ ಬೇರೆ ಲೋಟ ನನಗೆ ನೆನಪಾಗದೆ ಇರಲಿಲ್ಲ.

(ಊಟದ ವಿಷಯ ಕೇಳುವವರಿಗೆ: ಸಸ್ಯಾಹಾರಿಗಳು ಹೆದರಬೇಡಿ. ಪಕ್ಕದ ಒಲಿಂಡಾದ ಗುಡ್ಡದ ಮೇಲೆ ಮರಗೆಣಸಿನ ಹಿಟ್ಟನ್ನು ಬಾಣಲೆಗೆ ಉದುರಿಸಿ, ತೆಂಗಿನತುರಿ, ಚೀಸು ಹಾಕಿ ಮಡಚಿ ಕೊಡುವ ತಾಪಿಯೋಕಾ ಎಂಬ ದೋಸೆಯ ತಂಗಿ ಇದೆ. ಗೇರುಹಣ್ಣಿನ ರಸ ಎಲ್ಲೆಲ್ಲೂ ಸಿಗುತ್ತದೆ. ನಮ್ಮ ಕರಾವಳಿಗೆ ಗೇರು ಹೋದದ್ದೇ ಈ ದೇಶದಿಂದ, ಪೋರ್ಚುಗೀಸರ ಹಡಗಿನಲ್ಲಿ. ಬದಲಿಗೆ ಅವರು ಮಾವು, ಹಲಸು ಒಯ್ದರು.)

ಊಟದಲ್ಲಿ ಮಾತು ರಾಜಕೀಯಕ್ಕೆ ತಿರುಗಿತು. ಬೊಲ್ಸೊನಾರೊ ಸರ್ಕಾರ 2019ರಲ್ಲಿ ಸಂಸ್ಕೃತಿ ಸಚಿವಾಲಯವನ್ನು ಮತ್ತೆ ತೆಗೆದುಹಾಕಿತ್ತು. 2023ರಲ್ಲಿ ಲೂಲಾ ಮರಳಿ ತಂದರು. ಈಗಿನ ಕಾಲದಲ್ಲಿ ಕತ್ತರಿ ಬೇಕಿಲ್ಲ, ಫೈಲು ಸಾಕು ಎಂದರು ಸಹೋದ್ಯೋಗಿಯ ಹೆಂಡತಿ. ಗೆರಿಲ್ಲಾ ನಾಯಕ ಮರಿಗೆಲ್ಲಾ ಮೇಲೆ ವ್ಯಾಗ್ನರ್ ಮೌರಾ ನಿರ್ದೇಶಿಸಿದ ಚಿತ್ರ 2019ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ತೆರೆಕಂಡು, ತನ್ನ ದೇಶದ ಮಂದಿರಗಳಿಗೆ ಬಂದದ್ದು 2021ರ ನವೆಂಬರಿಗೆ. ಆದರೆ ವಾಪಸು ಬರುವಾಗ ಟ್ಯಾಕ್ಸಿಯ ಹುಡುಗನ ಮಾತೇ ಬೇರೆ. ಜನರ ತೆರಿಗೆ ದುಡ್ಡಲ್ಲಿ ಇವರು ಯಾರೂ ನೋಡದ ಸಿನಿಮಾ ಮಾಡಿ ಫ್ರಾನ್ಸಿನಲ್ಲಿ ದೇಶದ ಮಾನ ಕಳೆಯುತ್ತಾರೆ ಎಂದು ಫೋನಿನ ಅನುವಾದದಲ್ಲಿ ತೋರಿಸಿದ. ನಮ್ಮವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಆ ಮಾತನ್ನು ನಾನು ಬೇರೆ ಭಾಷೆಗಳಲ್ಲೂ ಕೇಳಿದ್ದೇನೆ.

ಹೊರಡುವ ಎರಡು ದಿನ ಮುಂಚೆ ಮೇಷ್ಟ್ರೇ ಹೇಳಿದರು, "ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಜಾಗ ತೋರಿಸುತ್ತೇನೆ." ಪಶ್ಚಿಮಕ್ಕೆ ಐವತ್ತು ಕಿಲೋಮೀಟರು, ವಿಟೋರಿಯಾ ದೆ ಸಾಂತೊ ಅಂತಾವ್ ಊರಿನ ಹತ್ತಿರದ ಗಲಿಲೇಯಾ. ದಾರಿಯುದ್ದಕ್ಕೂ ಕಬ್ಬು, ಮಂಡ್ಯದ ಕಡೆ ಹೋದಂತೆ. ಗಲಿಲೇಯಾ ಒಂದು ಕಾಲದ ಕಬ್ಬಿನ ಎಸ್ಟೇಟು. ಅಲ್ಲಿನ ಗೇಣಿದಾರರು 1955ರಲ್ಲಿ ಒಂದು ಸಂಘ ಕಟ್ಟಿದರು. ಅವರ ಬೇಡಿಕೆಗಳಲ್ಲಿ ಒಂದು, ಶವಪೆಟ್ಟಿಗೆ. ಬಡವರು ಸತ್ತರೆ ಪುರಸಭೆಯಿಂದ ಪೆಟ್ಟಿಗೆ ಕಡ ತಂದು, ಹೆಣವನ್ನು ಗುಂಡಿಗೆ ಇಳಿಸಿ, ಪೆಟ್ಟಿಗೆ ವಾಪಸು ಕೊಡಬೇಕಿತ್ತಂತೆ. ನಮ್ಮ ಹೆಣ ನಮ್ಮದೇ ಪೆಟ್ಟಿಗೆಯಲ್ಲಿ ಹೋಗಲಿ ಎಂದು ಶುರುವಾದ ಸಂಘ 'ರೈತ ಲೀಗ್' ಆಗಿ ಬೆಳೆದು ಪಕ್ಕದ ಪರೈಬಾ ರಾಜ್ಯಕ್ಕೂ ಹಬ್ಬಿತು. ಅಲ್ಲಿನ ಸಾಪೆ ಎಂಬಲ್ಲಿ ಅದರ ಮುಂದಾಳಾಗಿದ್ದ ಜೋವಾವ್ ಪೆದ್ರೊ ತೆಯ್ಶೇರಾ ಅವರನ್ನು 1962ರ ಏಪ್ರಿಲ್ 2ರಂದು ಗುಂಡಿಟ್ಟು ಕೊಂದರು. ಮಕ್ಕಳಿಗೆ ಶಾಲೆಯ ಪುಸ್ತಕ ತೆಗೆದುಕೊಂಡು ಮನೆಗೆ ನಡೆದು ಬರುತ್ತಿದ್ದರು. ಮಕ್ಕಳು ಹನ್ನೊಂದು.

ಎಡುವಾರ್ಡೊ ಕೊಟಿನ್ಯೊ ಎಂಬ ಯುವಕ ಈ ಕಥೆಯನ್ನು ಸಿನಿಮಾ ಮಾಡಲು ಬಂದ. ಸತ್ತವನ ಹೆಂಡತಿ ಎಲಿಜಬೆತ್ ತಮ್ಮ ಪಾತ್ರವನ್ನು ತಾವೇ ಮಾಡಿದರು. ಉಳಿದ ನಟರು ಗಲಿಲೇಯಾದ ರೈತರು. 1964ರ ಫೆಬ್ರವರಿಯಲ್ಲಿ ಶುರುವಾದ ಶೂಟಿಂಗ್ ಏಪ್ರಿಲ್ ಒಂದರ ಹೊತ್ತಿಗೆ ನಿಂತಿತು. ಸೈನ್ಯ ಬಂತು. ಕ್ಯಾಮೆರಾ, ಸಾಮಾನು ಎಲ್ಲ ಹೋಯಿತು, ಹಲವರು ಜೈಲಿಗೆ. ಉಳಿದದ್ದು ತೊಳೆಯಲೆಂದು ಮುಂಚೆಯೇ ರಿಯೋದ ಲ್ಯಾಬಿಗೆ ಕಳಿಸಿದ್ದ ನೆಗೆಟಿವ್ ಮಾತ್ರ. ಹದಿನೇಳು ವರ್ಷ ಬಿಟ್ಟು 1981ರಲ್ಲಿ ಕೊಟಿನ್ಯೊ ಮತ್ತೆ ಗಲಿಲೇಯಾಕ್ಕೆ ಬಂದರು, ಕಥೆ ಮುಗಿಸಲಲ್ಲ, ಆ ಜನ ಏನಾದರು ಎಂದು ಹುಡುಕಲು. ಅಂದಿನ ತುಣುಕುಗಳನ್ನು ಗೋಡೆಗೆ ಬಿಟ್ಟು ರೈತರಿಗೇ ತೋರಿಸಿದರು. ಯುವಕರಾಗಿದ್ದ ತಮ್ಮನ್ನು ತಾವೇ ಕಂಡು ಅವರು ನಕ್ಕರು. ಓಡಿಹೋಗುವಾಗ ಚಿತ್ರತಂಡ ಬಿಟ್ಟುಹೋಗಿದ್ದ ಪುಸ್ತಕಗಳನ್ನು ಒಬ್ಬ ರೈತ ಅಷ್ಟೂ ವರ್ಷ ಜೋಪಾನ ಮಾಡಿದ್ದ.

ಎಲಿಜಬೆತ್ ಸಿಕ್ಕಿದ್ದು ದೂರದ ಸಾವ್ ರಫಾಯೆಲ್ ಎಂಬ ಊರಿನಲ್ಲಿ. 'ಮಾರ್ತಾ' ಎಂಬ ಸುಳ್ಳು ಹೆಸರು, ಬಟ್ಟೆ ಒಗೆದು, ಮಕ್ಕಳಿಗೆ ಅಕ್ಷರ ಕಲಿಸಿ ಜೀವನ. ಹನ್ನೊಂದರಲ್ಲಿ ಹಿರಿಮಗಳು ತಂದೆಯ ಸಾವಿನ ಕೆಲವೇ ತಿಂಗಳಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದಳು. ಒಬ್ಬ ಮಗನನ್ನು ಮಾತ್ರ ಕರೆದುಕೊಂಡು ತಾಯಿ ತಲೆತಪ್ಪಿಸಿಕೊಂಡಿದ್ದರು. ಉಳಿದವರು ನೆಂಟರ ಮನೆಗಳಿಗೆ ಹಂಚಿಹೋಗಿದ್ದರು. ಕ್ಯಾಮೆರಾ ಮುಂದೆ ಅವರು ಮೊದಲ ಬಾರಿಗೆ ನೆರೆಯವರಿಗೆ ತಮ್ಮ ನಿಜ ಹೆಸರು ಹೇಳಿದರು. ಆ ಊರನ್ನೂ ಆಮೇಲೆ ಅಣೆಕಟ್ಟೆಯ ನೀರು ನುಂಗಿತು. 1984ರಲ್ಲಿ ಹೊರಬಂದ ಈ ಚಿತ್ರದ ಹೆಸರು 'ಸಾಯಲು ಗುರುತು ಹಾಕಿದ ಗಂಡು' ಎಂಬರ್ಥದ್ದು. ಇಂಗ್ಲಿಷಿನಲ್ಲಿ 'ಟ್ವೆಂಟಿ ಇಯರ್ಸ್ ಲೇಟರ್'. ಎಲಿಜಬೆತ್ ಅವರಿಗೆ 2025ರ ಫೆಬ್ರವರಿಯಲ್ಲಿ ನೂರು ತುಂಬಿತು. ಸಾಪೆಯಲ್ಲಿ ಅವರಿದ್ದ ಮನೆ ಈಗ ರೈತ ಲೀಗ್‌ಗಳ ಸ್ಮಾರಕ.

ಗಲಿಲೇಯಾದಲ್ಲಿ ನೋಡಲು ಏನೂ ಇಲ್ಲ ಎಂದೇ ಹೇಳಬೇಕು. ಕೆಲವು ಮನೆ, ಬಾಳೆ, ಬೇಲಿಗೆ ಕಟ್ಟಿದ ಒಂದು ಕತ್ತೆ. ಮೇಷ್ಟ್ರು ನೆರಳಿನಲ್ಲಿ ನಿಂತು ಸುಮ್ಮನೆ ಆ ಕಡೆ ಈ ಕಡೆ ನೋಡಿದರು.

ಆ ರಾತ್ರಿ ಅವರ ಮನೆಯಲ್ಲಿ ಆ ಚಿತ್ರ ನೋಡಿದೆವು, ಹಳೆಯ ಡಿವಿಡಿ. ಸಬ್‌ಟೈಟಲ್ ಇಲ್ಲ. ಮೇಷ್ಟ್ರು ರಿಮೋಟ್ ಹಿಡಿದು ನಿಲ್ಲಿಸಿ ನಿಲ್ಲಿಸಿ ಅನುವಾದ ಮಾಡುತ್ತಿದ್ದರು. ಕೊನೆಯಲ್ಲಿ ಚಿತ್ರತಂಡ ಗಾಡಿ ಹತ್ತಿದೆ, ಎಲಿಜಬೆತ್ ಬೀಳ್ಕೊಡಲು ಬಂದಿದ್ದಾರೆ. ಮಾತು ಮುಗಿಯಿತು ಎಂದುಕೊಂಡ ಹೊತ್ತಿಗೆ ಅವರ ದನಿಯೇ ಬದಲಾಯಿತು. ಕೈ ಎತ್ತಿ, ಬಿಡದೆ, ಗಾಡಿಯೊಳಗಿನವರಿಗೆ ಹೇಳುತ್ತಲೇ ಹೋದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮೇಷ್ಟ್ರ ಹೆಂಡತಿ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಮೇಷ್ಟ್ರು ಈ ಸಲ ರಿಮೋಟ್ ಒತ್ತಲಿಲ್ಲ, ಅನುವಾದವನ್ನೂ ಮಾಡಲಿಲ್ಲ. ನಾವೂ ಕೇಳಲಿಲ್ಲ.